ನುಡಿ ಒಂದು, ನೆತ್ತರು ಹಲವು

ಫಿಲಿಪ್ಪೀನ್ಸ್‌ನ ಟಗಾಲೋಗ್ ಭಾಷೆಯಲ್ಲಿ ಕಣ್ಣಿಗೆ ‘ಮಾತಾ’ ಎನ್ನುತ್ತಾರೆ. ಮಲಯ ಭಾಷೆಯಲ್ಲೂ ಅದು ‘ಮಾತಾ’. ಪೆಸಿಫಿಕ್ ಸಾಗರದ ನಡುವಿನ ಸಮೋವಾ ದ್ವೀಪದಲ್ಲೂ ‘ಮಾತಾ’ವೇ. ಟಗಾಲೋಗ್‌ನ ಐದು ‘ಲಿಮಾ’. ಹವಾಯಿಯಲ್ಲಿ ‘ಲಿಮಾ’ ಎಂದರೆ ಐದು ಬೆರಳಿನ ಕೈ. ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರ್‌ನಲ್ಲಿ ಐದಕ್ಕೆ ‘ದಿಮಿ’. ಸಾವಿರಾರು ಮೈಲಿ ಕಡಲು ನಡುವೆ ಇದ್ದರೂ ಈ ಜನರ ಬಾಯಲ್ಲಿ ಒಂದೇ ಮಾತು ಹೇಗೆ ಬಂತು?

ಇವೆಲ್ಲ ‘ಆಸ್ಟ್ರೋನೇಷ್ಯನ್’ ಎಂಬ ಭಾಷಾ ಕುಟುಂಬಕ್ಕೆ ಸೇರಿದವು. ಸುಮಾರು 1,200 ಭಾಷೆಗಳ ದೊಡ್ಡ ಸಂಸಾರ ಇದು. ಫಿಲಿಪ್ಪೀನ್ಸ್‌ನ 7,641 ದ್ವೀಪಗಳಲ್ಲಿ ನೂರಕ್ಕೂ ಮಿಕ್ಕಿ ಭಾಷೆಗಳಿವೆ. ಸ್ಪ್ಯಾನಿಷ್ ಬೆರೆತು ಹುಟ್ಟಿದ ಚವಕಾನೋವನ್ನು ಬಿಟ್ಟರೆ, ಅಲ್ಲಿನ ನೆಲದ ಭಾಷೆಗಳೆಲ್ಲ ಈ ಕುಟುಂಬದವೇ. ಹಾಗಾದರೆ ಅಲ್ಲಿನ ಜನರೆಲ್ಲ ಒಂದೇ ಮೂಲದವರೇ? ಭಾಷಾಶಾಸ್ತ್ರ ಒಂದು ಉತ್ತರ ಕೊಟ್ಟರೆ, ರಕ್ತದ ಪರೀಕ್ಷೆ ಇನ್ನೊಂದು ಉತ್ತರ ಕೊಡುತ್ತದೆ.

ಮೊದಲು ಭಾಷೆಯ ಸಾಕ್ಷ್ಯ ನೋಡೋಣ. ಒಂದು ಭಾಷಾ ಕುಟುಂಬದ ಕವಲುಗಳು ಎಲ್ಲಿ ಹೆಚ್ಚಾಗಿವೆಯೋ ಅದೇ ಅದರ ತವರು ಎಂಬುದು ಭಾಷಾಶಾಸ್ತ್ರಜ್ಞರ ಲೆಕ್ಕಾಚಾರ. ಹೆಚ್ಚು ಕಾಲ ನೆಲೆ ನಿಂತ ಕಡೆ ಮಾತು ಹೆಚ್ಚು ಒಡೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ರಾಬರ್ಟ್ ಬ್ಲಸ್ಟ್ 1999ರಲ್ಲಿ ಈ ಕುಟುಂಬವನ್ನು ಹತ್ತು ಕವಲುಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಒಂಬತ್ತು ಕವಲುಗಳು ಪುಟ್ಟ ತೈವಾನ್ ದ್ವೀಪದಲ್ಲಿ ಮಾತ್ರ ಇವೆ. ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹಬ್ಬಿರುವ ಉಳಿದ ಭಾಷೆಗಳೆಲ್ಲ ಸೇರಿ ಹತ್ತನೆಯ ಕವಲು.

ಪುರಾತತ್ವವೂ ಇದಕ್ಕೆ ದನಿಗೂಡಿಸಿತು. ಸುಮಾರು 4,000 ವರ್ಷಗಳ ಹಿಂದೆ ಉತ್ತರ ಲುಜಾನ್‌ನ ಕಗಾಯಾನ್ ಕಣಿವೆಯಲ್ಲಿ ಕೆಂಪು ಲೇಪನದ ಮಡಕೆಗಳು ಕಾಣಿಸಿಕೊಂಡವು. ತೈವಾನ್‌ನ ಫೆಂಗ್‌ಟಿಯಾನ್ ಗಣಿಯ ಹಸಿರು ಜೇಡ್ ಕಲ್ಲು ಫಿಲಿಪ್ಪೀನ್ಸ್‌ನ ಹಳೆಯ ನೆಲೆಗಳಿಗೂ ಸಾಗಿತ್ತೆಂದು 2007ರ ಅಧ್ಯಯನ ತೋರಿಸಿತು. ರೈತರು ದೋಣಿಯೇರಿ ತೈವಾನ್‌ನಿಂದ ದಕ್ಷಿಣಕ್ಕೆ ಬಂದರು, ಬೆಳೆಯ ಜೊತೆ ಮಾತನ್ನೂ ತಂದರು ಎಂಬುದು ಪೀಟರ್ ಬೆಲ್‌ವುಡ್ ಮೊದಲಾದವರ ವಾದ.

ನೆಲ ಖಾಲಿ ಇರಲಿಲ್ಲ

ಆದರೆ ದೋಣಿಗಳು ದಡ ಮುಟ್ಟಿದಾಗ ಅಲ್ಲಿ ಆಗಲೇ ಜನರಿದ್ದರು. ಪಲವಾನ್ ದ್ವೀಪದ ತಾಬೋನ್ ಗುಹೆಯಲ್ಲಿ 1962ರಲ್ಲಿ ಸಿಕ್ಕ ತಲೆಬುರುಡೆಯ ಚೂರು ಹತ್ತಾರು ಸಾವಿರ ವರ್ಷ ಹಳೆಯದು. ಈ ಮೊದಲ ನಿವಾಸಿಗಳ ಪೀಳಿಗೆ ಇಂದಿಗೂ ಇದೆ. ಅವರೇ ಆಯೆಟಾ, ಅಗ್ಟಾ, ಆಟಿ, ಮಮಾನ್ವಾ ಜನ. ಕುಳ್ಳನೆಯ ಮೈಕಟ್ಟು, ಗುಂಗುರು ಕೂದಲು, ಕಪ್ಪು ಬಣ್ಣ ಕಂಡು ಸ್ಪೇನಿನವರು ಇವರನ್ನು ‘ನೆಗ್ರಿಟೊ’, ಅಂದರೆ ಪುಟ್ಟ ಕರಿಯರು, ಎಂದು ಕರೆದರು.

ಕುತೂಹಲದ ಸಂಗತಿಯೆಂದರೆ ಇವರೆಲ್ಲ ಇಂದು ಆಡುವುದೂ ಆಸ್ಟ್ರೋನೇಷ್ಯನ್ ಭಾಷೆಗಳನ್ನೇ! ಇವರ ಮೂಲ ನುಡಿ ಎಂದೋ ಅಳಿದುಹೋಯಿತು. ನೆರೆಯ ರೈತರೊಡನೆ ವಿನಿಮಯ ಮಾಡುತ್ತ ಮಾಡುತ್ತ ಅವರ ಮಾತೇ ಇವರ ಮನೆಮಾತಾಯಿತು. ಈ ಭಾಷೆಗಳಲ್ಲಿ ಬೇರೆಲ್ಲೂ ಸಿಗದ ಕೆಲವು ಪದಗಳಿವೆ. ಅವು ಕಳೆದುಹೋದ ಆ ನುಡಿಯ ಪಳೆಯುಳಿಕೆ ಇರಬಹುದೆಂದು ಲಾರೆನ್ಸ್ ರೀಡ್ ಎಂಬ ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ.

ನುಡಿ ಮರೆತದ್ದನ್ನು ವಂಶವಾಹಿಗಳು ಮರೆತಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಮ್ಯಾಕ್ಸಿಮಿಲಿಯನ್ ಲರೇನಾ ಮತ್ತು ಸಂಗಡಿಗರು ಫಿಲಿಪ್ಪೀನ್ಸ್‌ನ 115 ಜನಾಂಗಗಳ ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಕಳೆದ 50,000 ವರ್ಷಗಳಲ್ಲಿ ಕನಿಷ್ಠ ಐದು ದೊಡ್ಡ ವಲಸೆಗಳು ನಡೆದಿವೆ ಎಂಬುದು ಅದರ ಸಾರ. ಉತ್ತರ ಮತ್ತು ದಕ್ಷಿಣದ ನೆಗ್ರಿಟೊಗಳು ಮೊದಲಿಗರು. ಬಳಿಕ ಮಿಂಡನಾವೊ ಕಡೆಯ ಮನೋಬೊ ಮತ್ತು ಸಾಮಾ ಮೂಲದವರು. ಕೊನೆಯಲ್ಲಿ ಬಂದದ್ದು ಲುಜಾನ್‌ನ ಗುಡ್ಡಗಾಡಿನ ಕಾರ್ಡಿಲೆರಾ ಜನರ ಪೂರ್ವಜರು.

ಅದೇ ವರ್ಷ ಇನ್ನೊಂದು ಅಚ್ಚರಿಯೂ ಹೊರಬಿತ್ತು. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಕುರುಹು ಸಿಕ್ಕ ಅಳಿದ ಮಾನವ ಕುಲವೊಂದಿದೆ. ಅದರ ವಂಶವಾಹಿಯ ಪಾಲು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಆಯೆಟಾ ಮಗ್‌ಬುಕೋನ್ ಜನರ ಮೈಯಲ್ಲಿ.

ಕಾರ್ಡಿಲೆರಾ ಜನರ ಕಥೆ ಇದಕ್ಕೆ ತದ್ವಿರುದ್ಧ. ಇವರಲ್ಲಿ ನೆಗ್ರಿಟೊ ರಕ್ತದ ಬೆರಕೆ ಕಾಣದು. 2016ರಲ್ಲಿ ಪೆಸಿಫಿಕ್‌ನ ವನುವಾಟು ಮತ್ತು ಟೋಂಗಾ ದ್ವೀಪಗಳ ಸುಮಾರು 3,000 ವರ್ಷ ಹಳೆಯ ಅಸ್ಥಿಗಳಿಂದ ಡಿಎನ್‌ಎ ತೆಗೆದಾಗ, ಅದಕ್ಕೆ ತೀರ ಹತ್ತಿರವಾಗಿ ಹೊಂದಿದ್ದು ತೈವಾನ್‌ನ ಮೂಲನಿವಾಸಿಗಳು ಮತ್ತು ಕಾರ್ಡಿಲೆರಾದ ಕಂಕನಾಯ್ ಜನರೊಡನೆ. ಭಾಷಾಶಾಸ್ತ್ರ ತೋರಿಸಿದ ದಾರಿ ಸುಳ್ಳಲ್ಲ ಎಂದಾಯಿತು. ಆದರೆ ಈ ವಲಸೆ ಬೇಸಾಯಕ್ಕಿಂತ ಮೊದಲೇ ಶುರುವಾಗಿತ್ತು ಎನ್ನುತ್ತದೆ ಲರೇನಾ ತಂಡ. ಬೆಲ್‌ವುಡ್ ಪಂಥಕ್ಕೂ ಇವರಿಗೂ ಇರುವ ತಕರಾರು ಅದೇ.

ಗುರು, ಮುಖ, ಆಸೆ

ಮಾತು ಜನರ ಜೊತೆಯಲ್ಲೇ ಬರಬೇಕೆಂದಿಲ್ಲ ಎಂಬುದಕ್ಕೆ ನಮಗೆ ಹತ್ತಿರದ ಸಾಕ್ಷಿಯೂ ಉಂಟು. ಟಗಾಲೋಗ್‌ನಲ್ಲಿ ಉಪಾಧ್ಯಾಯರಿಗೆ ‘ಗುರೊ’, ಮೋರೆಗೆ ‘ಮುಖಾ’, ಭರವಸೆಗೆ ‘ಆಸಾ’. ಕನ್ನಡಿಗರ ಕಿವಿಗೆ ಇವು ಹೊಸವಲ್ಲ. ಮನಿಲಾ ಬಳಿಯ ಲಗೂನಾದಲ್ಲಿ ದೊರೆತ ತಾಮ್ರಪಟದಲ್ಲಿ ಶಕವರ್ಷ 822, ಅಂದರೆ ಕ್ರಿ.ಶ. 900ರ ಉಲ್ಲೇಖವಿದೆ; ಅದರ ಬರಹದಲ್ಲಿ ಸಂಸ್ಕೃತ ಪದಗಳಿವೆ. ಹಾಗೆಂದು ಟಗಾಲೋಗ್ ಜನ ಭಾರತದಿಂದ ಹೋದವರು ಎನ್ನಲಾದೀತೇ? ವ್ಯಾಪಾರ, ಧರ್ಮಗಳ ಹಾದಿಯಲ್ಲಿ ಪದಗಳು ಕೈಯಿಂದ ಕೈಗೆ ದಾಟಿದವು, ಅಷ್ಟೆ.

ಇದು ಬರೀ ಪಂಡಿತರ ಚರ್ಚೆಯಲ್ಲ. ಫಿಲಿಪ್ಪೀನ್ಸ್ 1997ರಲ್ಲಿ ಮೂಲನಿವಾಸಿಗಳ ಹಕ್ಕಿನ ಕಾಯಿದೆ ತಂದು, ಪೂರ್ವಜರ ಕಾಲದಿಂದ ಬಾಳಿದ ನೆಲದ ಮೇಲೆ ಅವರಿಗಿರುವ ಹಕ್ಕನ್ನು ಒಪ್ಪಿತು. ಬರಿಯ ಭಾಷೆಯನ್ನೇ ಅಳತೆಗೋಲು ಮಾಡಿದ್ದರೆ, 1991ರಲ್ಲಿ ಪಿನಟೂಬೊ ಜ್ವಾಲಾಮುಖಿ ಸಿಡಿದಾಗ ನೆಲೆ ಕಳೆದುಕೊಂಡ ಆಯೆಟಾ ಜನರೂ 4,000 ವರ್ಷದ ಹಿಂದೆ ಬಂದವರ ಸಾಲಿಗೇ ಸೇರುತ್ತಿದ್ದರು. ರಕ್ತವನ್ನೇ ಅಳತೆಗೋಲು ಮಾಡಿದರೂ ತೊಡಕು ತಪ್ಪದು. ಏಕೆಂದರೆ ಎಲ್ಲ ನೆಗ್ರಿಟೊ ಗುಂಪುಗಳಲ್ಲೂ ಬಳಿಕ ಬಂದವರ ರಕ್ತ ಬೆರೆತಿದೆ. ಡಿಎನ್‌ಎ ಮಾದರಿ ಪಡೆಯುವಾಗ ಕಾಯಿದೆಯಂತೆ ಒಪ್ಪಿಗೆ ಪಡೆಯಲಿಲ್ಲ ಎಂದು ಅಲ್ಲಿನ ಮೂಲನಿವಾಸಿಗಳ ರಾಷ್ಟ್ರೀಯ ಆಯೋಗವೇ ಆಕ್ಷೇಪ ಎತ್ತಿತ್ತು. ಸಂಶೋಧಕರು ಅದನ್ನು ನಿರಾಕರಿಸಿದರು. ಸ್ವೀಡನ್ನಿನ ಪರಿಶೀಲನಾ ಮಂಡಳಿಗೂ ಅವರ ತಪ್ಪು ಕಾಣಲಿಲ್ಲ. ಆದರೂ ಒಂದು ಜನರ ಮೂಲದ ಕಥೆಯನ್ನು ಹೇಳಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯಿತು.

ಆಯೆಟಾ ಮಗು ಇಂದು ಕಣ್ಣನ್ನು ‘ಮಾತಾ’ ಎನ್ನುತ್ತದೆ. ಆ ಪದ ತೈವಾನ್ ಕಡೆಯಿಂದ ಬಂದದ್ದು. ನೋಡುವ ಕಣ್ಣು ಮಾತ್ರ ಅದಕ್ಕಿಂತ ಹತ್ತಾರು ಸಾವಿರ ವರ್ಷ ಮೊದಲೇ ಆ ನೆಲವನ್ನು ಕಂಡವರ ಬಳುವಳಿ.