ಎಕ್ಸ್‌ಎಫ್‌ಸಿಇ (ಡೆಸ್ಕ್‌ಟಾಪ್ ಪರಿಸರ)

ಎಕ್ಸ್‌ಎಫ್‌ಸಿಇ ಎಂಬುದು ಲಿನಕ್ಸ್ ಹಾಗೂ ಯುನಿಕ್ಸ್ ಮಾದರಿಯ ಇತರ ಕಾರ್ಯಾಚರಣ ವ್ಯವಸ್ಥೆಗಳಿಗಾಗಿ ರೂಪುಗೊಂಡ ಮುಕ್ತ ತಂತ್ರಾಂಶ. ಗಣಕದ ಪರದೆಯ ಮೇಲೆ ಕಾಣುವ ಹಿನ್ನೆಲೆ ಚಿತ್ರ, ಚಿಹ್ನೆಗಳು, ಮೆನು ಮತ್ತು ಕಿಟಕಿಗಳನ್ನು ನಿರ್ವಹಿಸುವ ಇಂತಹ ವ್ಯವಸ್ಥೆಗೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ಕಡಿಮೆ ಮೆಮೊರಿಯಲ್ಲಿ ಕೆಲಸ ಮಾಡುವುದರಿಂದ ಇದು ಹಳೆಯ ಗಣಕಗಳಿಗೂ ಹೊಂದುತ್ತದೆ. ಇಲಿಯ ಚಿತ್ರ ಇದರ ಲಾಂಛನವಾಗಿದೆ.

ಇತಿಹಾಸ

ಒಲಿವಿಯರ್ ಫೋರ್ಡಾನ್ 1996ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಮೊದಲಿಗೆ ಇದು ಎಕ್ಸ್‌ಫಾರ್ಮ್ಸ್ ಎಂಬ ತಂತ್ರಾಂಶ ಸಂಗ್ರಹವನ್ನು ಆಧರಿಸಿತ್ತು. ಹೆಸರೂ ಅದರಿಂದಲೇ ಬಂದಿತು. ಮುಂದೆ ಜಿಟಿಕೆ ಸಂಗ್ರಹವನ್ನು ಬಳಸಿ ಇದನ್ನು ಹೊಸದಾಗಿ ಬರೆಯಲಾಯಿತು. 2003ರಲ್ಲಿ 4.0 ಆವೃತ್ತಿ ಹೊರಬಂದಿತು. 2007ರ 4.4 ಆವೃತ್ತಿಯಲ್ಲಿ ಥುನಾರ್ ಎಂಬ ಕಡತ ನಿರ್ವಾಹಕ ಸೇರಿತು. 2019ರ 4.14 ಆವೃತ್ತಿ ಜಿಟಿಕೆ 3ಕ್ಕೆ ವರ್ಗಾವಣೆಗೊಂಡಿತು. ಕ್ಸುಬುಂಟು ವಿತರಣೆಯಲ್ಲಿ ಇದೇ ಮೂಲ ಡೆಸ್ಕ್‌ಟಾಪ್ ಆಗಿದೆ.

ರಚನೆ

ಎಕ್ಸ್‌ಎಫ್‌ಸಿಇ ಒಂದೇ ಕಾರ್ಯಕ್ರಮವಲ್ಲ, ಹಲವು ಬಿಡಿ ಭಾಗಗಳ ಕೂಟ. ಕಿಟಕಿಗಳ ಚೌಕಟ್ಟು ಮತ್ತು ಚಲನೆಯನ್ನು ವಿಂಡೋ ಮ್ಯಾನೇಜರ್ ನೋಡಿಕೊಳ್ಳುತ್ತದೆ. ಮೆನು ಹಾಗೂ ಗಡಿಯಾರವಿರುವ ಪಟ್ಟಿಯನ್ನು ಪ್ಯಾನಲ್, ಹಿನ್ನೆಲೆಯನ್ನು ಡೆಸ್ಕ್‌ಟಾಪ್ ಮ್ಯಾನೇಜರ್ ನಿರ್ವಹಿಸುತ್ತವೆ. ಆದ್ದರಿಂದ ಒಂದು ಭಾಗ ಕೆಟ್ಟರೆ, ತೆರೆದಿಟ್ಟ ಕೆಲಸವನ್ನು ಕಳೆದುಕೊಳ್ಳದೆ ಅದೊಂದನ್ನೇ ಮತ್ತೆ ಚಾಲನೆಗೊಳಿಸಬಹುದು.

ಮಾರ್ಪಾಡು

ಪ್ಯಾನಲನ್ನು ಪರದೆಯ ಯಾವ ಅಂಚಿಗಾದರೂ ಸರಿಸಬಹುದು. ಒಂದಕ್ಕಿಂತ ಹೆಚ್ಚು ಪ್ಯಾನಲ್‌ಗಳನ್ನೂ ಇಡಬಹುದು. ಪ್ಯಾನಲ್ ಪ್ರೊಫೈಲ್ಸ್ ಎಂಬ ಸಾಧನವು ಈ ಜೋಡಣೆಯನ್ನು ಉಳಿಸಿಟ್ಟು, ಬೇಕಾದಾಗ ಮರಳಿ ತರುತ್ತದೆ. ಕೀಲಿಮಣೆಯ ಸಿದ್ಧತೆಯಲ್ಲಿ ಕನ್ನಡ ವಿನ್ಯಾಸವನ್ನು ಸೇರಿಸಿಕೊಳ್ಳಬಹುದು. ಕಗಪ ವಿನ್ಯಾಸವೂ ಅಲ್ಲಿ ದೊರೆಯುತ್ತದೆ. ಕನ್ನಡ ಅಕ್ಷರಗಳ ಬದಲು ಚೌಕಗಳು ಕಂಡರೆ ಗಣಕದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲವೆಂದು ತಿಳಿಯಬೇಕು. ಲೋಹಿತ್, ಗುಬ್ಬಿ, ನವಿಲು ಮುಂತಾದವು ಉಚಿತವಾಗಿ ಲಭ್ಯವಿವೆ.

ದೋಷ ಪರಿಹಾರ

ಪ್ಯಾನಲ್ ಮಾಯವಾದರೆ, ಆಲ್ಟ್ ಮತ್ತು ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿ ತೆರೆಯುವ ಚೌಕದಲ್ಲಿ ಅದರ ಆದೇಶವನ್ನು ಬರೆದು ಮತ್ತೆ ಚಾಲನೆಗೊಳಿಸಲಾಗುತ್ತದೆ. ಕಿಟಕಿಗಳ ಶೀರ್ಷಿಕೆಪಟ್ಟಿ ಕಾಣದಿದ್ದರೆ ವಿಂಡೋ ಮ್ಯಾನೇಜರ್ ನಿಂತಿದೆ ಎಂದರ್ಥ. ಪ್ರತಿ ಬಾರಿ ಪ್ರವೇಶಿಸಿದಾಗಲೂ ಇದೇ ದೋಷ ಮರುಕಳಿಸಿದರೆ, ಸೆಷನ್ ಅಂಡ್ ಸ್ಟಾರ್ಟಪ್ ವಿಭಾಗದಲ್ಲಿ ಉಳಿಸಿಟ್ಟ ಸೆಷನ್‌ಗಳನ್ನು ಅಳಿಸುವುದು ರೂಢಿ. ಹಳೆಯ ಗಣಕದಲ್ಲಿ ಪರದೆಯ ಚಲನೆ ನಿಧಾನವಾದರೆ, ನೆರಳು ಮತ್ತು ಪಾರದರ್ಶಕತೆಯನ್ನು ಒದಗಿಸುವ ಕಂಪೋಸಿಟರನ್ನು ನಿಲ್ಲಿಸಬಹುದು.

ದೋಷದ ಮೂಲವನ್ನು ಪತ್ತೆಹಚ್ಚಲು ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಪರೀಕ್ಷಿಸುವುದು ಸುಲಭೋಪಾಯ. ಅಲ್ಲಿ ದೋಷ ಕಾಣದಿದ್ದರೆ ಅದು ಬಹುಮಟ್ಟಿಗೆ ಹಳೆಯ ಖಾತೆಯ ಸಿದ್ಧತೆಗಳಲ್ಲಿದೆ. ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸುವ ಅಗತ್ಯವಿಲ್ಲ. ಈ ಸಿದ್ಧತೆಗಳು ಬಳಕೆದಾರರ ಮನೆಕೋಶದೊಳಗಿನ ಅಡಗಿದ ಕೋಶವೊಂದರಲ್ಲಿ ಎಕ್ಸ್‌ಎಂಎಲ್ ಕಡತಗಳಾಗಿ ಇರುತ್ತವೆ. ಆ ಕೋಶವನ್ನು ಅಳಿಸುವ ಬದಲು ಹೆಸರು ಬದಲಿಸಿಟ್ಟರೆ, ಮುಂದಿನ ಪ್ರವೇಶದಲ್ಲಿ ಮೂಲ ಸಿದ್ಧತೆಗಳು ಹೊಸದಾಗಿ ರಚನೆಯಾಗುತ್ತವೆ. ಡೆಸ್ಕ್‌ಟಾಪ್‌ನಿಂದ ನಿರ್ಗಮಿಸಿದ ಮೇಲೆಯೇ ಈ ಕೆಲಸವನ್ನು ಮಾಡಬೇಕು. ಇಲ್ಲವಾದರೆ ಚಾಲನೆಯಲ್ಲಿರುವ ಸೇವೆಯು ಹಳೆಯ ಸಿದ್ಧತೆಗಳನ್ನೇ ಮತ್ತೆ ಬರೆದುಬಿಡಬಹುದು. ಬಳಕೆದಾರರ ಪತ್ರಗಳು, ಚಿತ್ರಗಳು ಬೇರೆ ಕೋಶಗಳಲ್ಲಿರುವುದರಿಂದ ಅವುಗಳಿಗೆ ಧಕ್ಕೆಯಾಗುವುದಿಲ್ಲ.