ಲೂರ್ದಿನ ಬರ್ನಾದೆತ್

1858ರಲ್ಲಿ ಲೂರ್ದ್ ಫ್ರಾನ್ಸಿನ ಪಿರನೀಸ್ ಪರ್ವತದ ತಪ್ಪಲಿನ ಸಣ್ಣ ಪೇಟೆ. ದಿವಾಳಿಯೆದ್ದ ಗಿರಣಿಗಾರ ಸೂಬಿರೂನ ಸಂಸಾರವೆಲ್ಲ ಅಲ್ಲಿನ ಹಳೇ ಜೈಲಿನ ಒಂದೇ ಕೋಣೆಯಲ್ಲಿತ್ತು. ಹಿರಿಮಗಳು ಬರ್ನಾದೆತ್‌ಗೆ 14 ವರ್ಷ. ಉಬ್ಬಸದ ಹುಡುಗಿ, ಓದುಬರಹವಿಲ್ಲ, ಮೊದಲ ಪರಮಪ್ರಸಾದವೂ ಆಗಿರಲಿಲ್ಲ. ದೇವರು ತನ್ನ ಮಾತು ಹೇಳಿಕಳಿಸಲು ಇವಳನ್ನು ಆರಿಸಿದನೆಂದರೆ ಊರಿನ ದೊಡ್ಡವರು ನಂಬುವುದಾದರೂ ಹೇಗೆ?

ಫೆಬ್ರುವರಿ 11ರಂದು ಸೌದೆ ಆಯಲು ಹೋದಾಗ ಮಸಾಬಿಯೆಲ್ ಗವಿಯಲ್ಲಿ ಬಿಳಿಯುಡುಗೆಯ ಹೆಣ್ಣೊಬ್ಬಳು ಕಂಡಳೆಂದು ಬರ್ನಾದೆತ್ ಹೇಳಿದಳು. ಜುಲೈ 16ರವರೆಗೆ ಒಟ್ಟು 18 ದರ್ಶನಗಳಾದವು. ಫೆಬ್ರುವರಿ 25ರಂದು ಆ ಹೆಣ್ಣು ಹೇಳಿದಳೆಂದು ಬರ್ನಾದೆತ್ ನೆಲ ಕೆದಕಿ ಕೆಸರುನೀರು ಕುಡಿದು, ಸೊಪ್ಪು ಜಗಿದಳು, ಮುಖವೆಲ್ಲ ರಾಡಿ. ನೆರೆದವರು ಹುಚ್ಚು ಹಿಡಿದಿದೆ ಎಂದರು. ಕೆದಕಿದಲ್ಲೇ ಒರತೆ ತಿಳಿಯಾಗಿ ಹರಿಯಿತು. ಪೊಲೀಸರು ಗದರಿಸಿದರೂ ಅವಳು ಹೇಳಿಕೆ ಬದಲಿಸಲಿಲ್ಲ.

ಗವಿಯಲ್ಲಿ ಕಂಡವಳ ಹೆಸರು ಕೇಳಿ ಬಾ ಎಂದಿದ್ದರು ಊರಿನ ಪಾದ್ರಿ ಪೇರಾಮಾಲ್. ಮಾರ್ಚ್ 25ರಂದು ಬಂದ ಉತ್ತರ, ‘ಅಮಲೋದ್ಭವ’. ಯೇಸುವಿನ ತಾಯಿ ಮರಿಯಳು ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದಳೆಂಬುದು ಅದರ ಅರ್ಥ. ಪೋಪರು ಅದನ್ನು ವಿಶ್ವಾಸಸತ್ಯವೆಂದು ಸಾರಿದ್ದು 1854ರಲ್ಲಿ. ಧರ್ಮೋಪದೇಶದ ಪಾಠವೇ ತಲೆಗೆ ಹತ್ತದ ಹುಡುಗಿಯ ಬಾಯಲ್ಲಿ ಈ ಪದ ಕೇಳಿ ಪಾದ್ರಿಗಳು ತಬ್ಬಿಬ್ಬಾದರು.

1862ರಲ್ಲಿ ಬಿಷಪ್ ಲೊರಾನ್ಸ್ ದರ್ಶನಗಳನ್ನು ಒಪ್ಪಿದರು. ಜನ ಲೂರ್ದಿಗೆ ಮುಗಿಬೀಳುತ್ತಿದ್ದಾಗ ಬರ್ನಾದೆತ್ 1866ರಲ್ಲಿ ನೆವೇರ್ ಕಾನ್ವೆಂಟ್ ಸೇರಿ ರೋಗಿಗಳ ಆರೈಕೆಗೆ ನಿಂತಳು. 1879ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡಳು. 1933ರಲ್ಲಿ ಸಂತಪದವಿ ಸಂದದ್ದು ಕಂಡ ದರ್ಶನಕ್ಕಿಂತ ಬದುಕಿದ ರೀತಿಗೆ.