ವಿನಾಯಿತಿಯಿಂದ ನೋಂದಣಿಗೆ: ಹಾಂಗ್‌ಕಾಂಗ್‌ನ ಚೀನೀ ವೈದ್ಯರು

ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದ ಹಾಂಗ್‌ಕಾಂಗ್‌ನಲ್ಲಿ ಚೀನೀ ವೈದ್ಯಪದ್ಧತಿಯು, ಎಂದರೆ ನಾಡಿ ನೋಡಿ ಬೇರು, ತೊಗಟೆ, ಖನಿಜಗಳ ಕಷಾಯ ಕೊಡುವ, ಸೂಜಿ ಚುಚ್ಚಿ ನೋವು ಶಮನಗೊಳಿಸುವ, ಮುರಿದ ಎಲುಬು ಕೂಡಿಸುವ ವಿದ್ಯೆಯು, ನಗರದ ಬಹುಜನರ ನಿತ್ಯದ ಆಸರೆಯಾಗಿದ್ದರೂ ಅದನ್ನು ಯಾರು ನಡೆಸಬಹುದು ಎಂದು ವಿಧಿಸುವ ಕಾನೂನು 1999ರವರೆಗೂ ಬರಲಿಲ್ಲ. ಆ ಪದ್ಧತಿಗೆ ಸರ್ಕಾರದ ಪರಿಚಯವೇ ಇರಲಿಲ್ಲವೆಂದಲ್ಲ. ತಾಯ್‌ ಪಿಂಗ್ ಶಾನ್ ಬಡಾವಣೆಯ ಗುಡಿಯೊಂದರಲ್ಲಿ ಸಾಯುವ ಸ್ಥಿತಿಯ ರೋಗಿಗಳನ್ನು ಶವಗಳ ಜೊತೆಯಲ್ಲೇ ಬಿಟ್ಟುಹೋಗುತ್ತಿದ್ದ ಸಂಗತಿ 1869ರಲ್ಲಿ ಬಯಲಾದಾಗ, ಚೀನೀ ವರ್ತಕರ ದೇಣಿಗೆಯೂ ಸರ್ಕಾರದ ನೆರವೂ ಸೇರಿ ತುಂಗ್ ವಾ ಆಸ್ಪತ್ರೆಯ ಸ್ಥಾಪನೆಗೆ ದಾರಿಯಾಯಿತು; 1870ರ ಪ್ರತ್ಯೇಕ ಕಾಯ್ದೆಯಡಿ ಸ್ಥಾಪಿತವಾಗಿ 1872ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಯಲ್ಲಿ ಚೀನೀ ಚಿಕಿತ್ಸೆಯೊಂದೇ ನಡೆಯುತ್ತಿತ್ತು. 1894ರ ಪ್ಲೇಗು ಅದೇ ಬಡಾವಣೆಯನ್ನು ಹಿಂಡಿದ ಮೇಲೆ ಆಸ್ಪತ್ರೆಯ ವ್ಯವಸ್ಥೆಯು ಕಟುಟೀಕೆಗೆ ಗುರಿಯಾಯಿತು. 1896ರ ವಿಚಾರಣೆಯ ಫಲವಾಗಿ ಅಲ್ಲಿ ಪಾಶ್ಚಾತ್ಯ ವೈದ್ಯವೂ ಕಾಲಿಟ್ಟಿತು.

ಆದರೆ ಆಸ್ಪತ್ರೆಯ ಗೋಡೆಯಾಚೆ, ಓಣಿ ಓಣಿಯ ಔಷಧದಂಗಡಿಗಳಲ್ಲಿ ಕುಳಿತ ವೈದ್ಯರ ವಿಷಯದಲ್ಲಿ ಸರ್ಕಾರ ಅನುಸರಿಸಿದ್ದು ವಿನಾಯಿತಿಯ ನೀತಿ. ಪಾಶ್ಚಾತ್ಯ ವೈದ್ಯರ ನೋಂದಣಿಗಾಗಿ ರೂಪಿಸಿದ ಕಾನೂನು, ಅಪ್ಪಟ ಚೀನೀ ಕ್ರಮದಲ್ಲಿ ಚಿಕಿತ್ಸೆ ನೀಡುವವರಿಗೆ ತಾನು ಅನ್ವಯಿಸುವುದಿಲ್ಲವೆಂದೂ, ಆಧುನಿಕ ವೈದ್ಯದಲ್ಲಿ ಅರ್ಹತೆ ಪಡೆದವರೆಂಬ ಭ್ರಮೆ ಹುಟ್ಟಿಸುವ ಬಿರುದನ್ನು ಅವರು ಧರಿಸಬಾರದೆಂದೂ ಹೇಳಿ ಸುಮ್ಮನಾಯಿತು. ಇದನ್ನು ಔದಾರ್ಯವೆಂದು ಕೊಂಡಾಡಿದವರಿದ್ದಾರೆ. ಆದರೆ ತಲೆಮಾರುಗಳಿಂದ ಕಲಿತ ವೈದ್ಯನಿಗೂ ನಿನ್ನೆ ಅಂಗಡಿ ತೆರೆದವನಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವೇ ಇಲ್ಲದಂತೆ ಮಾಡಿದ ಈ ನೀತಿಯಿಂದ ಹೆಚ್ಚು ನಷ್ಟವಾದದ್ದು ನಿಷ್ಠಾವಂತ ವೈದ್ಯರಿಗೂ ರೋಗಿಗಳಿಗೂ ಎಂಬುದನ್ನು ಮರೆಯಲಾಗದು.

ಆ ನಷ್ಟವೇನೆಂಬುದು 1989ರಲ್ಲಿ ಎದ್ದು ಕಂಡಿತು. ಲುಂಗ್ ತಾಮ್ ಚೋ ಎಂಬ ಕಹಿಬೇರಿನ ಬದಲಿಗೆ, ನೋಟಕ್ಕೆ ಅದನ್ನೇ ಹೋಲುವ ಗ್ವಾಯ್ ಕೌ ಎಂಬ ವಿಷಬೇರು ಕಷಾಯಕ್ಕೆ ಸೇರಿ, ಅದನ್ನು ಕುಡಿದವರ ನರಮಂಡಲಕ್ಕೆ ತೀವ್ರ ಆಘಾತವಾಯಿತು. ಒಣಗಿ ತುಂಡಾದ ಬೇರುಗಳನ್ನು ಗುರುತಿಸುವ ಹೊಣೆ ಬೆಳೆಗಾರನದೋ, ಸಗಟು ವ್ಯಾಪಾರಿಯದೋ, ಅಂಗಡಿಯವನದೋ, ವೈದ್ಯನದೋ ಎಂದು ಕೇಳಿದರೆ ಉತ್ತರಿಸುವ ನಿಯಮವೇ ಇರಲಿಲ್ಲ. ಅದೇ ವರ್ಷ ಸರ್ಕಾರ ಚೀನೀ ವೈದ್ಯದ ಅಧ್ಯಯನಕ್ಕೆ ಕಾರ್ಯತಂಡವೊಂದನ್ನು ನೇಮಿಸಿತು. 1995ರಲ್ಲಿ ಸಿದ್ಧತಾ ಸಮಿತಿ ಬಂತು. ಈ ನಡುವೆ, 1997ರಲ್ಲಿ ಹಾಂಗ್‌ಕಾಂಗ್ ಚೀನಕ್ಕೆ ಮರಳಿದ ಮೇಲೆ ಜಾರಿಯಾಗಬೇಕಿದ್ದ ಮೂಲ ಕಾನೂನು, ಎಂದರೆ ಆ ಪ್ರದೇಶದ ಸಂವಿಧಾನಸದೃಶ ಶಾಸನ, ತನ್ನ 138ನೆಯ ವಿಧಿಯಲ್ಲಿ ಪಾಶ್ಚಾತ್ಯ ಮತ್ತು ಚೀನೀ ವೈದ್ಯಗಳೆರಡರ ಅಭಿವೃದ್ಧಿಯನ್ನೂ ಸರ್ಕಾರದ ಹೊಣೆಯಾಗಿಸಿತ್ತು.

1999ರ ಜುಲೈನಲ್ಲಿ ಅಂಗೀಕಾರವಾದ ಚೀನೀ ವೈದ್ಯ ಕಾಯ್ದೆ ಎದುರಿಸಿದ ಕಠಿಣ ಪ್ರಶ್ನೆಯೆಂದರೆ, ಗುರುವಿನ ಬಳಿ ಕಲಿತು ಪದವಿಪತ್ರವಿಲ್ಲದೆ ಹಣ್ಣಾದ ವೈದ್ಯರನ್ನು ಅಳೆಯುವುದು ಹೇಗೆ ಎಂಬುದು. ಕಾಯ್ದೆ ಅನುಭವದ ವರ್ಷಗಳನ್ನೇ ಅಳತೆಗೋಲಾಗಿ ಹಿಡಿಯಿತು: 2000ದ ಜನವರಿ 3ಕ್ಕೆ ಹಾಂಗ್‌ಕಾಂಗ್‌ನಲ್ಲಿ ಸತತ 15 ವರ್ಷ ವೃತ್ತಿ ನಡೆಸಿದ್ದವರು ಪರೀಕ್ಷೆಯಿಲ್ಲದೆ ನೋಂದಣಿಗೆ ಅರ್ಹರಾದರು, 10 ವರ್ಷ ತುಂಬಿಸಿ ಮಾನ್ಯ ವಿದ್ಯಾರ್ಹತೆಯನ್ನೂ ಹೊಂದಿದವರಿಗೂ ಅದೇ ಸೌಲಭ್ಯ ದೊರೆಯಿತು, ಮಿಕ್ಕವರು ಮೌಲ್ಯಮಾಪನವನ್ನೋ ಪರವಾನಗಿ ಪರೀಕ್ಷೆಯನ್ನೋ ದಾಟಬೇಕಾಯಿತು. ಅಲ್ಲಿಯವರೆಗೆ ಅವರು ಪಟ್ಟಿಯಲ್ಲಿರುವ ವೈದ್ಯರು ಎಂಬ ತಾತ್ಕಾಲಿಕ ವರ್ಗದಲ್ಲಿದ್ದು ವೃತ್ತಿ ಮುಂದುವರಿಸಬಹುದಿತ್ತು. ವರ್ಷಗಳ ಎಣಿಕೆ ಪಾಂಡಿತ್ಯದ ಪ್ರಮಾಣವಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆಯಾದರೂ, ಬದುಕಿನುದ್ದಕ್ಕೂ ರೋಗಿಗಳನ್ನು ಕಂಡವರನ್ನು ಇಳಿವಯಸ್ಸಿನಲ್ಲಿ ಪರೀಕ್ಷೆಯ ಬೆಂಚಿನಲ್ಲಿ ಕೂರಿಸದಿದ್ದುದು ನ್ಯಾಯವೇ ಸರಿ.

ಕಾಯ್ದೆಯ ಮೊದಲ ಅನುಬಂಧ 31 ವಿಷದ್ರವ್ಯಗಳನ್ನು ಹೆಸರಿಸಿತು; ಹಸಿ ವತ್ಸನಾಭಿ, ಕಾಸರಕ, ಪಾಷಾಣ, ಪಾದರಸಗಳ ಸಾಲಿನಲ್ಲಿ 1989ರ ಅನಾಹುತಕ್ಕೆ ಕಾರಣವಾದ ಗ್ವಾಯ್ ಕೌ ಕೂಡ ಸೇರಿತು. 2002ರಲ್ಲಿ ನೋಂದಾಯಿತ ವೈದ್ಯರ ಮೊದಲ ತಂಡದ ಹೆಸರುಗಳು ಪ್ರಕಟವಾದವು, 2003ರಲ್ಲಿ ಮೊದಲ ಪರವಾನಗಿ ಪರೀಕ್ಷೆ ನಡೆಯಿತು. ಕಾರ್ಮಿಕನೊಬ್ಬ ಚೀನೀ ವೈದ್ಯರಿಂದ ಪಡೆದ ಅನಾರೋಗ್ಯದ ಪ್ರಮಾಣಪತ್ರವನ್ನು ಮಾಲೀಕ ಕಾನೂನುಬದ್ಧವಾಗಿ ಒಪ್ಪಲೇಬೇಕೆಂಬ ತಿದ್ದುಪಡಿ ಜಾರಿಗೆ ಬಂದದ್ದು 2006ರ ಡಿಸೆಂಬರ್‌ನಲ್ಲಿ. ಆ ಅಧಿಕಾರ ದೊರೆತದ್ದು ನೋಂದಾಯಿತರಿಗೆ ಮಾತ್ರ; ಪಟ್ಟಿಯಲ್ಲಷ್ಟೇ ಉಳಿದವರು ಚಿಕಿತ್ಸೆ ನೀಡಬಹುದಾಗಿದ್ದರೂ ಅವರು ಬರೆದ ರಜೆಯ ಚೀಟಿಗೆ ಆ ಬೆಲೆ ಸಿಗಲಿಲ್ಲ.